ಕೇತ ಮನೆ ಮಡಚಿ ತಂದದ್ದು

ನಂಬೋರು ಹತ್ತಿರ ಬಂದು ಕೂರಿ, ನಂಬದೋರು ಇನ್ನೂ ಹತ್ತಿರ ಬಂದು ಕೂರಿ. ಕಾಡಿನ ಅಂಚಲ್ಲಿ ಮೇದರ ತಿಪ್ಪವ್ವ ಅಂತ ಒಬ್ಬಳಿದ್ದಳು. ಗಂಡನ್ನ ಹುಲಿ ಹೊತ್ತುಕೊಂಡು ಹೋಗಿತ್ತು. ಉಳಿದೋನು ಒಬ್ಬ ಮಗ, ಕೇತ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ.

ಬಿದಿರು ಕಡಿಯೋಕೆ ಕಾಡಿಗೆ ಹೋಗಲೇಬೇಕು, ಹುಲಿ ಅಲ್ಲೇ ಇದೆ. ಇವನನ್ನೂ ಅದರ ಬಾಯಿಗೆ ಕೊಡಲಾರೆ ಅಂತ ತಿಪ್ಪವ್ವ ಒಂದು ಮನೆ ಹೆಣೆದಳು. ಎಂಥ ಮನೆ ಅಂತೀರಿ! ಗೋಡೆ, ಸೂರು ಎಲ್ಲಾ ಸೀಳಿದ ಬಿದಿರ ದಬ್ಬೆಯ ರೆಕ್ಕೆಗಳು. ಒಂದೊಂದು ರೆಕ್ಕೆಗೂ ಅದರದೇ ಹುರಿ. ಎಳೆದರೆ ಅದೊಂದೇ ಮುಚ್ಚುತ್ತೆ, ಬಿಟ್ಟರೆ ಅದೊಂದೇ ತೆರೆಯುತ್ತೆ, ಪಕ್ಕದ್ದು ಮಿಸುಕಲ್ಲ. ಹೊರಗಿನ ದೊಡ್ಡ ಹಗ್ಗ ಜಗ್ಗಿದರೆ ಇಡೀ ಮನೆ ಮಡಚಿ ತಲೆಹೊರೆ. ಅರಮನೆ ಬಡಗಿಗಳು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು, ನಾನೇ ಕಂಡಿದ್ದೇನೆ.

"ಹೆದರಿಕೆ ಆದ್ರೆ ಮನೆ ಬಿಚ್ಚಿ ಒಳಗೆ ಸೇರ್ಕೋಬೇಕು. ಯಾವ ಕಡೆ ಸದ್ದಾಗುತ್ತೋ ಆ ಕಡೆ ರೆಕ್ಕೆ ಮುಚ್ಚಬೇಕು. ತಿಳೀತಾ ಮಗ?"

"ತಿಳೀತವ್ವಾ."

ಕಾಡಲ್ಲಿ ಮನೆ ಹಾಕಿ, ಕೇತನ್ನ ಕೂರಿಸಿ, ತಿಪ್ಪವ್ವ ನೀರಿಗೆ ಹೋದಳು. ಬರುವಾಗ ಹಿಂದೆ ತರಗೆಲೆ ಚರಚರ ಅಂತು. ನಿಂತರೆ ಅದೂ ನಿಲ್ಲುತ್ತೆ, ನಡೆದರೆ ಅದೂ ನಡೆಯುತ್ತೆ. ಕೊಡ ಬಿಸಾಕಿ ಓಡಿದಳು. "ಕೇತಾ, ನಾನು ಕಣೋ." ಮುಂದಿನ ಕಡೆ ಸದ್ದಾಯ್ತಲ್ಲ, ಕೇತ ಮುಂದಿನ ರೆಕ್ಕೆ ಮುಚ್ಚಿದ. ಎಡಕ್ಕೆ ಓಡಿ ಕೂಗಿದಳು, ಎಡದ್ದು ಮುಚ್ಚಿದ. ಹಿಂದಕ್ಕೆ ಓಡಿ ಕೂಗಿದಳು, ಹಿಂದಿನದೂ ಮುಚ್ಚಿದ. ಕೊನೆಗೆ ಉಸಿರು ಬಿಗಿಹಿಡಿದು ಬಲಗಡೆಯಿಂದ ಸದ್ದಿಲ್ಲದೆ ನುಸುಳಿ, ಹುರಿ ತಾನೇ ಎಳೆದಳು. ಆಚೆಯಿಂದ ಏನೋ ಗೋಡೆ ಕೆರೆಯಿತು.

"ಲೇ ಪೆದ್ದು ಮುಂಡೇದೆ, ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು, ಅದಕ್ಕೇ ಮುಚ್ಚಿದೆ."

"ಇನ್ಮೇಲೆ ಕೂಗಿದೋರಿಗೆ ತೆರಿ."

"ಆಗ್ಲವ್ವಾ."

ಮಾರನೇ ಸಂಜೆ ಹುಲಿ ಕೂಗಿತು. ಅದರ ದನಿಗೆ ಗುಡ್ಡವೂ ಕೂಗಿತು, ಹಳ್ಳವೂ ಕೂಗಿತು. ಕೇತ ಮುಂದಿನದು ತೆರೆದ, ಹಿಂದಿನದು ತೆರೆದ, ಎಡದ್ದು, ಬಲದ್ದು, ಸೂರಿಂದೂ ತೆರೆದ. ಅಂಬಲಿ ಕಾಯಿಸ್ತಿದ್ದ ತಿಪ್ಪವ್ವ ತಿರುಗಿ ನೋಡಿದರೆ ಗೋಡೆಯೇ ಇಲ್ಲ. ಗೋಡೆ ಇದ್ದಲ್ಲಿ ಹುಲಿಯ ಮುಖ. ಗಂಡನ್ನ ಒಯ್ದ ಅದೇ ಹರಿದ ಕಿವಿಯ ಹುಲಿ. ಒಲೆಯ ಕೊಳ್ಳಿ ಎಳೆದು ಮುಖಕ್ಕೇ ಹಿಡಿದಳು. ಹುಲಿ ಅವಳನ್ನೇ ನೋಡ್ತಾ ನೋಡ್ತಾ ಹಿಂದೆ ಸರಿದು ಬಿದಿರ ಮೆಳೆಯೊಳಗೆ ಹೋಯ್ತು.

"ಹುಲಿಗೂ ತೆರೀತೀಯೇನೋ?"

"ಅದೂ ಕೂಗ್ತಲ್ಲವ್ವಾ."

ಅಳಬೇಕೋ ಹೊಡೀಬೇಕೋ ಅವಳಿಗೆ ತಿಳೀಲಿಲ್ಲ. "ನಾನು ಸತ್ತ ಮೇಲೆ ನಿನ್ನ ಗತಿ ಏನೋ? ಕೇಳು. ಹುಲಿ ಮೀಸೆ ಕಂಡ್ರೂ ಸಾಕು, ಅಲ್ಲಿ ನಿಲ್ಲಬೇಡ. ಮನೆ ಮಡಚು, ತಲೆ ಮೇಲೆ ಹೊತ್ತು ನನ್ನ ಹತ್ರ ಓಡಿ ಬಾ. ಮನೇಲಿರೋದು ಒಂದೂ ಬಿಡಬೇಡ."

"ಒಂದೂ ಬಿಡಲ್ಲವ್ವಾ."

ಸಂತೆ ದಿನ ತಿಪ್ಪವ್ವ ಬುಟ್ಟಿ ಮಾರೋಕೆ ಹೋದಳು. ಕೇತ ಹೊರಗೆ ಬಿದಿರು ಸೀಳ್ತಾ ಇದ್ದ. ತಿರುಗಿ ನೋಡ್ತಾನೆ, ಮನೆಯ ಸಂದಿಯಿಂದ ಆಚೆಗೆ ಹುಲಿ ಮೀಸೆ ಚಾಚಿಕೊಂಡಿದೆ. ಹೇಳಿದ್ದು ಹೇಳಿದ ಹಾಗೆ. ದೊಡ್ಡ ಹಗ್ಗ ಜಗ್ಗಿದ, ರೆಕ್ಕೆ ಮೇಲೆ ರೆಕ್ಕೆ ಬಿತ್ತು, ಗಂಟು ಹಾಕಿದ, ತಲೆ ಮೇಲೆ ಹೊತ್ತ, ಓಡಿದ.

ದಾರಿಯಲ್ಲಿ ಅವ್ವ ಎದುರಾದಳು, ಸಂತೆಯಿಂದ ಅವಳ ಜೊತೆ ನಾನೂ ಬರ್ತಿದ್ದೆ. "ಹೊರೆ ಯಾಕೋ ಇಷ್ಟು ದಪ್ಪ?"

"ಮನೇಲಿದ್ದದ್ದು ಒಂದೂ ಬಿಟ್ಟಿಲ್ಲವ್ವಾ."

ಹೊರೆ ಗುರ್ ಅಂತು. ಸಂದಿಯಿಂದ ಹರಿದ ಕಿವಿ ಇಣುಕಿತು. ತಿಪ್ಪವ್ವನ ಕೈಕಾಲು ಗಡಗಡ.

ಕೇತ ಹೊರೆ ಇಳಿಸಿದ. "ಯಾಕವ್ವಾ ನಡುಗ್ತೀಯ? ಹೆದರಿಕೆ ಆಯ್ತಾ? ತಾಳು, ಮನೆ ಬಿಚ್ತೀನಿ, ಒಳಗೆ ಸೇರ್ಕೋ." ಗಂಟಿಗೆ ಕೈ ಹಾಕಿದ.

ಆಮೇಲಿನದು ನಾನು ಮೇಲಿಂದ ಕಂಡದ್ದು, ಯಾಕಂದ್ರೆ ಆಗಲೇ ಮತ್ತಿ ಮರದ ತುದೀಲಿದ್ದೆ. ತಿಪ್ಪವ್ವ ನನಗಿಂತ ಒಂದು ಕೊಂಬೆ ಮೇಲೆ. ಕೆಳಗೆ ಕೇತ ಮನೆ ಬಿಚ್ಚಿ, ಒಳಗೆ ಬಗ್ಗಿ ನೋಡಿ ಹೇಳ್ತಿದ್ದ:

"ಸ್ವಲ್ಪ ಸರ್ಕೊಳ್ಳಪ್ಪಾ, ನಮ್ಮವ್ವನೂ ಕೂರಬೇಕು."