ಅಡುಗೆಯ ಮರುಳಸಿದ್ದಯ್ಯ ಬಿದ್ದದ್ದು ಯಾಕೆ?

ಒಂದು ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಗಿರಿಧರ ಅಂತ ಒಬ್ಬ ಹೊಸ ಡಾಕ್ಟರಿದ್ದ. ಓದಿನಲ್ಲಿ ಭಾರಿ ಚುರುಕು. ಯಾವ ಪುಸ್ತಕದ ಯಾವ ಪುಟ ಕೇಳಿದರೂ ಪಟಪಟ ಒಪ್ಪಿಸುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಒಂದು ಕಾಯಿಲೆ. ರೋಗಿ ಬಾಯಿ ತೆರೆದರೆ ಸಾಕು, ಇವನ ಕಿವಿ ಮುಚ್ಚಿಕೊಳ್ಳುತ್ತಿತ್ತು.

"ಏನಾಗಿದೆ?" ಅಂತ ಕೇಳುವವನೇನೋ ಅವನೇ. ಆದರೆ ರೋಗಿ, "ಮೊನ್ನೆ ನಮ್ಮ ತಂಗಿ ಮನೆಗೆ ಹೋಗಿದ್ದೆ ಸ್ವಾಮಿ..." ಅಂತ ಶುರು ಮಾಡಿದನೋ, ಮುಗಿಯಿತು.

"ತಂಗಿ ವಿಷಯ ಬೇಡ. ನೋವಿದೆಯಾ? ಜ್ವರ ಇದೆಯಾ? ಊಟ ಸೇರುತ್ತಾ? ಹೂಂ ಇಲ್ಲಾ ಉಹೂಂ, ಅಷ್ಟೇ ಹೇಳಿ."

ಪಾಪ, ರೋಗಿಗಳು ಠಾಣೆಗೆ ಬಂದವರ ಹಾಗೆ ಮುದುಡಿಕೊಂಡು ಹೂಂ, ಉಹೂಂ ಅನ್ನುತ್ತಿದ್ದರು. ಇವನು ಸ್ಟೆತಾಸ್ಕೋಪನ್ನು ಅಂಗಿಯ ಮೇಲೆಯೇ ಎರಡು ಕಡೆ ಮುಟ್ಟಿಸಿ, ರಕ್ತ, ಮೂತ್ರ, ಎಕ್ಸ್‌ರೇ, ಸ್ಕ್ಯಾನು ಅಂತ ಚೀಟಿ ಗೀಚಿ ಮುಂದಿನ ಮಂಚಕ್ಕೆ ಹಾರುತ್ತಿದ್ದ. ಒಂದೊಂದು ಸಲ ರೋಗಿ ಉಸಿರು ಒಳಗೆ ಎಳೆದುಕೊಂಡು ಬಿಡುವಷ್ಟರಲ್ಲಿ ಡಾಕ್ಟರೇ ಇರುತ್ತಿರಲಿಲ್ಲ!

ಆ ವಾರ್ಡಿನ ದೊಡ್ಡ ಡಾಕ್ಟರು ಪಂಕಜಾಕ್ಷಿ ಮೇಡಂ. ಮಂಡಿನೋವಿನ ಹೆಂಗಸು, ನಡಿಗೆ ನಿಧಾನ, ಮಾತು ಇನ್ನೂ ನಿಧಾನ. ಒಬ್ಬ ರೋಗಿಯ ಪಕ್ಕದಲ್ಲಿ ಅವರು ಕೂತರೆಂದರೆ ಹಿಂದೆ ನಿಂತ ಎಳೆಯ ಡಾಕ್ಟರುಗಳ ಕಾಲು ಜೋಮು ಹಿಡಿಯುತ್ತಿತ್ತು. 'ಮೇಡಂ ಕಾಲದಲ್ಲಿ ಮೆಷಿನ್ನುಗಳಿರಲಿಲ್ಲ, ಅದಕ್ಕೇ ಹರಟೆ ಕೊಚ್ಚಿ ಕಾಯಿಲೆ ಹುಡುಕ್ತಿದ್ರು' ಅಂತ ಗಿರಿಧರ ಮನಸ್ಸಿನಲ್ಲೇ ನಗುತ್ತಿದ್ದ.

ಒಂದು ದಿನ ಮರುಳಸಿದ್ದಯ್ಯ ಅನ್ನುವವರನ್ನು ಆ ವಾರ್ಡಿಗೆ ತಂದು ಮಲಗಿಸಿದರು. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಮನುಷ್ಯ. ಸುತ್ತಮುತ್ತಲಲ್ಲಿ ಅವರ ಕೈಯ ಹುಳಿ ಸವಿಯದ ಬಾಯಿಯೇ ಇರಲಿಲ್ಲ. ಅಂಥವರು ಒಲೆಯ ಮುಂದೆ ನಿಂತಿದ್ದ ಹಾಗೇ ಕಣ್ಣು ಕತ್ತಲಿಟ್ಟು ಕುಸಿದು ಬೀಳುತ್ತಿದ್ದರು. ಇದು ಮೂರನೇ ಸಲ.

ಮೊದಲ ಸಲ ಬಿದ್ದಾಗಲೂ ನೋಡಿದವನು ಗಿರಿಧರನೇ. ಮರುಳಸಿದ್ದಯ್ಯನವರಿಗೆ ಸಕ್ಕರೆ ಕಾಯಿಲೆ ಇತ್ತು, ಮಾತ್ರೆ ನುಂಗುತ್ತಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ತುಸು ಏರಿತ್ತು. "ನೋಡಿದ್ರಾ, ಇದಕ್ಕೇ ತಲೆ ಸುತ್ತಿದ್ದು" ಅಂತ ಮಾತ್ರೆಯನ್ನು ಇನ್ನಷ್ಟು ಹೆಚ್ಚಿಸಿ ಕಳಿಸಿದ. ಎರಡನೇ ಸಲ ಬಂದಾಗ ತಲೆಗೆ ಸ್ಕ್ಯಾನು, ಎದೆಗೆ ಇಸಿಜಿ, ಎಲ್ಲ ಆಯಿತು. ಎಲ್ಲವೂ ಸರಿಯಾಗೇ ಇತ್ತು. ಮನುಷ್ಯ ಮಾತ್ರ ಮತ್ತೆ ಬಿದ್ದ. ಈ ಸಲವಂತೂ ಕುದಿಯುವ ಹುಳಿಯ ಕೊಪ್ಪರಿಗೆಯ ಪಕ್ಕದಲ್ಲೇ ಬಿದ್ದಿದ್ದರು, ಸ್ವಲ್ಪದರಲ್ಲಿ ತಪ್ಪಿತು. ಮೊಣಕೈ ಮೇಲೆ ಬೊಬ್ಬೆ ಎದ್ದಿತ್ತು.

ಗಿರಿಧರ ಕಾಗದಗಳನ್ನೆಲ್ಲ ತಿರುವಿಹಾಕಿ ತೀರ್ಪು ಕೊಟ್ಟ. "ಇದು ಮೂರ್ಛೆ ರೋಗ. ಇನ್ನು ಮೇಲೆ ನೀವು ಬೆಂಕಿ ಹತ್ತಿರ ಸುಳಿಯೋ ಹಾಗಿಲ್ಲ. ಅಡುಗೆ ಕೆಲಸ ಬಿಟ್ಟುಬಿಡಿ."

ಮರುಳಸಿದ್ದಯ್ಯನವರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟರು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಮಗುವಿನ ಹಾಗೆ ಬಿಕ್ಕುವುದನ್ನು ನೋಡಲಾಗುತ್ತಿರಲಿಲ್ಲ. ಅವರ ಹೆಂಡತಿ ಹಾಲಮ್ಮ ಬೆನ್ನು ಸವರುತ್ತಾ ತಾನೂ ಅಳತೊಡಗಿದರು. ಸೌಟು ಬಿಟ್ಟರೆ ಬೇರೆ ಕಸುಬು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಪಂಕಜಾಕ್ಷಿ ಮೇಡಂ ಮಂಡಿ ಹಿಡಿದುಕೊಂಡು ಅಲ್ಲಿಗೆ ಬಂದರು. ಗಿರಿಧರ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

ಮೇಡಂ ಕೇಳಿದರು, "ಬೆಳಿಗ್ಗೆ ಎದ್ದಾಗಿನಿಂದ ಬೀಳೋ ತನಕ ಇವರು ಏನೇನು ಮಾಡ್ತಾರೆ?"

"ಅಡುಗೆ ಮಾಡ್ತಾರೆ ಮೇಡಂ."

"ಅದು ಊರಿಗೆಲ್ಲ ಗೊತ್ತಿರೋದೇ. ಹೋಗ್ಲಿ, ಹೊಟ್ಟೆ ಮುಟ್ಟಿ ನೋಡಿದೆಯಾ?"

"ನೋಡಿದೆ ಮೇಡಂ. ಮೆತ್ತಗಿದೆ, ಏನೂ ತೊಂದರೆ ಇಲ್ಲ."

"ಮೆತ್ತಗಿರೋದು ಬನಿಯನ್ನು ಕಣಪ್ಪಾ. ಅದನ್ನ ಮೇಲೆತ್ತು."

ಗಿರಿಧರ ಎತ್ತಿದ. ಮರುಳಸಿದ್ದಯ್ಯನವರ ಸೊಂಟದ ಸುತ್ತ, ಹೊಕ್ಕುಳಿನ ಮೇಲೆ, ಅಂಗೈ ಅಗಲದ ಕಪ್ಪು ಪಟ್ಟಿಯೊಂದು ಬಿದ್ದಿತ್ತು. ಅಲ್ಲಿ ಚರ್ಮ ದಡ್ಡುಗಟ್ಟಿ ಒರಟಾಗಿತ್ತು. ಮೂರು ಸಲ ಆಸ್ಪತ್ರೆಗೆ ಬಂದ ಮನುಷ್ಯನ ಮೈಮೇಲೆ ಇಷ್ಟು ದೊಡ್ಡ ಗುರುತಿದೆ ಅಂತ ಗಿರಿಧರನಿಗೆ ಗೊತ್ತೇ ಇರಲಿಲ್ಲ.

"ಏನಿದು?" ಅಂದರು ಮೇಡಂ.

"ಗೊ... ಗೊತ್ತಿಲ್ಲ ಮೇಡಂ."

"ಆ ಸ್ಟೂಲ್ ಎಳ್ಕೊಂಡು ಕೂತ್ಕೋ. ಇವರು ತಾವಾಗಿ 'ಇಷ್ಟೇ' ಅನ್ನೋ ತನಕ ನೀನು ಏಳಬಾರದು. ನಡುವೆ ಬಾಯಿ ಹಾಕಬಾರದು. ಎಲ್ಲ ಕೇಳಿದ ಮೇಲೂ ನೀನು ಮೂರ್ಛೆ ರೋಗ ಅಂದ್ರೆ ನಾನೇ ಸಹಿ ಹಾಕ್ತೀನಿ, ಕೆಲಸ ಬಿಡಲಿ." ಮರುಳಸಿದ್ದಯ್ಯನವರ ಕಡೆ ತಿರುಗಿ, "ಹೇಳಿಪ್ಪಾ, ಅಡುಗೆ ದಿನ ಹೆಂಗಿರುತ್ತೆ ಅಂತ ಮೊದಲಿಂದ ಹೇಳಿ" ಅಂದು ಪಕ್ಕದ ಮಂಚಕ್ಕೆ ಹೋಗಿ ಕೂತರು.

ಅಡುಗೆಯವರನ್ನು ಅಡುಗೆ ಬಗ್ಗೆ ಹೇಳಿ ಅಂದರೆ ಬಿಡುತ್ತಾರೆಯೇ? ಮರುಳಸಿದ್ದಯ್ಯನವರು ಕಣ್ಣೊರೆಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

"ನಮ್ಮಪ್ಪಾರ ಕಾಲದಿಂದ ಶುರು ಮಾಡ್ಬೇಕು ಸ್ವಾಮಿ, ಇಲ್ದಿದ್ರೆ ತಿಳಿಯಲ್ಲ."

ಅಪ್ಪಾರ ಕಾಲದಿಂದ! ಗಿರಿಧರ ಸ್ಟೂಲಿನಿಂದ ಅರ್ಧ ಎದ್ದ. ಆದರೆ ಪಕ್ಕದ ಮಂಚದಿಂದ ಮೇಡಂ ಕನ್ನಡಕದ ಮೇಲಿಂದ ನೋಡುತ್ತಿದ್ದರು. ತುಟಿ ಕಚ್ಚಿಕೊಂಡು ಕೂತ.

ಮಾತು ಹೊರಟಿತು ನೋಡಿ. ಒಲೆಗೆ ಹುಣಸೆ ಸೌದೆ ಯಾಕೆ ಬೇಕು, ಗ್ಯಾಸಿನಲ್ಲಿ ಮಾಡಿದ ಹುಳಿ ಯಾಕೆ ಹುಳಿಯೇ ಅಲ್ಲ, ಹೂರಣ ರುಬ್ಬುವಾಗ ನೀರು ಸೋಕಿಸಿದ ಒಬ್ಬ ಪುಣ್ಯಾತ್ಮನನ್ನು ಅವರಪ್ಪ ಹೇಗೆ ಚೌಟ್ರಿಯಿಂದಲೇ ಓಡಿಸಿದರು, ಎಲ್ಲ ಬಂತು. ಬೆಳಿಗ್ಗೆಯಿಂದ ಬರೀ ಕಾಫಿಯಲ್ಲಿದ್ದ ಗಿರಿಧರನ ಬಾಯಲ್ಲಿ ನೀರೂರಿತು, ಹೊಟ್ಟೆ ಗುರ್ ಅಂದಿತು. ಅದು ವಾರ್ಡಿಗೆಲ್ಲ ಕೇಳಿತು.

"ಅದೆಲ್ಲ ಯಾಕ್ರೀ ಡಾಕ್ಟ್ರಿಗೆ? ಅವರಿಗೂ ಕೆಲಸ ಇರುತ್ತೆ" ಅಂದರು ಹಾಲಮ್ಮ.

"ಹೇಳ್ಲಿ ಬಿಡಮ್ಮಾ" ಅಂದರು ಪಕ್ಕದ ಮಂಚದಿಂದ ಮೇಡಂ. "ಅವರ ಕೆಲಸ ಇದೇ."

ಮರುಳಸಿದ್ದಯ್ಯನವರು ಒಬ್ಬಟ್ಟಿನಿಂದ ಪಂಕ್ತಿಗೆ ಬಂದರು. "ನಮ್ಮಪ್ಪಾರು ಒಂದು ಕಟ್ಟುಪಾಡು ಹಾಕವ್ರೆ ಸ್ವಾಮಿ. ಕೊನೇ ಪಂಕ್ತಿ ಉಂಡು ಏಳೋ ತನಕ ಅಡುಗೆಯವನು ಬಾಯಿಗೆ ಒಂದು ಅಗುಳೂ ಹಾಕಬಾರದು. ಉಪ್ಪನ್ನೂ ನಾನು ವಾಸನೇಲೇ ನೋಡೋದು. ಮುಂಜಾನೆ ಎದ್ದು ಸ್ನಾನ ಮಾಡಿ, ಒಲೆಗೆ ಪೂಜೆ ಮಾಡಿ, ಟವೆಲನ್ನ ಒದ್ದೆ ಮಾಡ್ಕೊಂಡು ಹೊಟ್ಟೆಗೆ ಬಿಗಿಯಾಗಿ ಸುತ್ಕೊತೀನಿ. ಹಸಿವು ಅನ್ನೋದು ತಿಳಿಯಲ್ಲ ಆವಾಗ. ಕೊನೇ ಪಂಕ್ತಿ ಎದ್ದ ಮೇಲೇ ಅದನ್ನ ಬಿಚ್ಚೋದು."

ಗಿರಿಧರನ ಕಣ್ಣು ಆ ಕಪ್ಪು ಪಟ್ಟಿಯ ಮೇಲೆ ನಿಂತಿತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಆದರೆ ನೀವು ಕೊಟ್ಟ ಮಾತ್ರೆ ಮಾತ್ರ ಒಂದು ದಿನಾನೂ ತಪ್ಪಿಸಿಲ್ಲ ಸ್ವಾಮಿ. ತಪ್ಪಿಸಬೇಡಿ ಅಂದಿದ್ರಲ್ಲ. ಸ್ನಾನ ಆದ ತಕ್ಷಣ ನೀರು ಕುಡಿದು ನುಂಗಿಬಿಡ್ತೀನಿ. ಮಾತ್ರೆ ಊಟ ಅಲ್ವಲ್ಲ, ಅದಕ್ಕೆ ಅಪ್ಪಾರ ಕಟ್ಟುಪಾಡಿಲ್ಲ. ಆಮೇಲೆ ಮೊದಲ ಪಂಕ್ತಿ ಕೂರೋ ಹೊತ್ತಿಗೆ ಕೈ ನಡುಗೋಕೆ ಶುರುವಾಗುತ್ತೆ. ಮೈಯೆಲ್ಲ ಬೆವರುತ್ತೆ. ಒಲೆ ಮುಂದೆ ಬರೋ ಬೆವರು ಬಿಸಿ ಇರುತ್ತೆ ಸ್ವಾಮಿ, ಇದು ತಣ್ಣಗೆ, ಮಂಜುಗಡ್ಡೆ ಇದ್ದಂಗೆ. ಕಣ್ಣು ಕತ್ತಲೆ, ಅಲ್ಲೇ ಕುಸಿದು ಬೀಳ್ತೀನಿ. ಬಡಿಸೋ ಹುಡುಗರು ಆಚೆಗೆ ಎಳೆದು ಕೂರಿಸಿ, ಎರಡು ಲೋಟ ಪಾಯಸ ಕುಡಿಸ್ತಾರೆ. ಬಿದ್ದವನಿಗೆ ಯಾವ ಕಟ್ಟುಪಾಡು ಅಂತ. ಕುಡಿದ ಮೇಲೆ ಕಣ್ಣು ತಿಳಿಯಾಗುತ್ತೆ. ಆಮೇಲೆ ಆಟೋದಲ್ಲಿ ಇಲ್ಲಿಗೆ ತಂದು ಹಾಕ್ತಾರೆ. ಇಷ್ಟೇ ಸ್ವಾಮಿ."

ಇಷ್ಟೇ!

ಗಿರಿಧರನ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ಇದು ಮೂರ್ಛೆಯೂ ಅಲ್ಲ, ಮಣ್ಣೂ ಅಲ್ಲ. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ ನುಂಗಿ, ಮಧ್ಯಾಹ್ನದ ತನಕ ಉಪವಾಸ ನಿಂತರೆ ಎಂಥ ಪೈಲ್ವಾನನೂ ಬೀಳುತ್ತಾನೆ. ತಾನು ಪರೀಕ್ಷೆ ಮಾಡಿಸಿದ್ದು ಎರಡು ಲೋಟ ಪಾಯಸ ಕುಡಿದು ಬಂದವರ ರಕ್ತವನ್ನು. ಸಕ್ಕರೆ ಏರದೆ ಇನ್ನೇನಾದೀತು? ಅದನ್ನು ನೋಡಿ ತಾನು ಮಾತ್ರೆ ಹೆಚ್ಚಿಸಿದ್ದ. ಈ ಮನುಷ್ಯನನ್ನು ಕೊಪ್ಪರಿಗೆಯ ಪಕ್ಕಕ್ಕೆ ತಳ್ಳಿದ್ದು ತಾನೇ.

"ಮೇಡಂ" ಅಂದ. ಸ್ಕ್ಯಾನು, ರಕ್ತದ ಕಾಗದಗಳನ್ನು ಅವರ ಕಡೆ ಚಾಚಿದ.

ಮೇಡಂ ಎದ್ದು ಬಂದರು. "ನಿನ್ನ ಮೆಷಿನ್ನುಗಳು ಸುಳ್ಳು ಹೇಳಿಲ್ಲ ಕಣಪ್ಪಾ. ಪಾಯಸ ಕುಡಿದು, ನಮ್ಮ ಆಸ್ಪತ್ರೆ ಇಡ್ಲಿ ತಿಂದು ಮಲಗಿರೋ ಮರುಳಸಿದ್ದಯ್ಯನವರು ಆರೋಗ್ಯವಾಗೇ ಇದ್ದಾರೆ. ಬೀಳೋ ಮರುಳಸಿದ್ದಯ್ಯನವರು ಚೌಟ್ರಿಯಲ್ಲಿದ್ದಾರೆ. ಅವರನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಆಗೋದು ಅವರ ಬಾಯಿಗೆ ಮಾತ್ರ." ಅಷ್ಟು ಹೇಳಿ, ಮಾತ್ರೆ ಬದಲಾಯಿಸಿ ಬರೆದುಕೊಟ್ಟರು.

ಗಿರಿಧರ ಉತ್ಸಾಹದಿಂದ, "ಇನ್ಮೇಲೆ ಬೆಳಿಗ್ಗೆ ತಿಂಡಿ ತಿಂದೇ ಒಲೆ ಹಚ್ಚಿ. ಮಧ್ಯದಲ್ಲೂ ಏನಾದ್ರೂ ತಿನ್ನಿ" ಅಂದ.

"ಆಗಲ್ಲ ಸ್ವಾಮಿ" ಅಂದರು ಮರುಳಸಿದ್ದಯ್ಯನವರು. "ಬೇಕಾದ್ರೆ ಬೀಳ್ತೀನಿ. ಪಂಕ್ತಿಗೆ ಮುಂಚೆ ಆ ಅಡುಗೇಲಿ ಒಂದು ಅಗುಳೂ ಮುಟ್ಟಲ್ಲ."

ಹಳೇ ಗಿರಿಧರನಾಗಿದ್ದರೆ 'ಹಂಗಾದ್ರೆ ನಿಮ್ಮ ಹಣೆಬರಹ' ಅಂದು ಎದ್ದು ಹೋಗುತ್ತಿದ್ದ. ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡ. ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, "ನಿಮ್ಮಪ್ಪಾರು ಬೇಡ ಅಂದದ್ದು ಯಾವುದನ್ನ? ಸರಿಯಾಗಿ ಹೇಳಿ" ಅಂತ ಕೇಳಿದ.

"ಮದುವೆ ಒಲೆ ಮೇಲೆ ಬೆಂದದ್ದನ್ನ ಸ್ವಾಮಿ."

"ಹಾಲಮ್ಮನವರು ಮನೆ ಒಲೆ ಮೇಲೆ ಬೇಯಿಸಿದ್ದನ್ನ?"

ಮರುಳಸಿದ್ದಯ್ಯನವರು ಮೀಸೆ ತಿರುವಿದರು. ಹಾಲಮ್ಮನ ಮುಖ ನೋಡಿದರು.

"ಅದರ ವಿಷಯ ಅಪ್ಪಾರು ಏನೂ ಹೇಳಿಲ್ಲ" ಅಂದರು ಕೊನೆಗೆ.

"ಎರಡು ರೊಟ್ಟಿ, ಪಲ್ಯ, ಬುತ್ತಿ ಕಟ್ಟಿಕೊಡ್ತೀನಿ" ಅಂದರು ಹಾಲಮ್ಮ. "ಇಷ್ಟು ವರ್ಷ ಊರಿಗೆಲ್ಲ ಬಡಿಸಿದ್ದಾಯ್ತು. ಇನ್ನಾದ್ರೂ ನನ್ನ ಕೈ ಅಡುಗೆ ರುಚಿ ನೋಡ್ಲಿ."

ವಾರ್ಡೆಲ್ಲ ನಕ್ಕಿತು. ಮರುಳಸಿದ್ದಯ್ಯನವರೂ ನಕ್ಕರು. "ಹಂಗಾದ್ರೆ ನಾನು ಸೌಟು ಹಿಡೀಬಹುದಾ ಸ್ವಾಮಿ?" ಅಂತ ಕೇಳಿದರು.

"ಹಿಡೀಬಹುದು. ಹೊಟ್ಟೆ ತುಂಬಿಸಿಕೊಂಡು ಹಿಡೀರಿ" ಅಂದ ಗಿರಿಧರ.

ಮನೆಗೆ ಹೊರಡುವಾಗ ಮರುಳಸಿದ್ದಯ್ಯನವರು ಬಾಗಿಲ ತನಕ ಹೋಗಿ ಹಿಂದಿರುಗಿ ಬಂದರು. ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆ. ಕೈ ಮುಗಿದುಕೊಂಡೇ ಕೇಳಿದರು.

"ಸ್ವಾಮಿ, ಮೊದಲನೇ ಸಲ ಬಂದಾಗಲೂ ನನಗೆ ಇದೇ ಬಾಯಿ ಇತ್ತು. ನೀವೂ ಇದೇ ಡಾಕ್ಟ್ರು. ಆವಾಗ ಯಾಕೆ ಕೇಳಲಿಲ್ಲ?"

ಗಿರಿಧರ ಪಟಪಟ ಒಪ್ಪಿಸುವ ಯಾವ ಪುಸ್ತಕದ ಯಾವ ಪುಟದಲ್ಲೂ ಈ ಪ್ರಶ್ನೆ ಇರಲಿಲ್ಲ. ಸಹಾಯಕ್ಕೆ ಮೇಡಂ ಕಡೆ ನೋಡಿದ. ಅವರು ಬೇಕೆಂತಲೇ ಕಿಟಕಿಯಾಚೆ ನೋಡುತ್ತಿದ್ದರು.

"ತಪ್ಪಾಯ್ತು ಯಜಮಾನ್ರೇ" ಅಂದ ಗಿರಿಧರ.

ನೀತಿ: ರೋಗಿಯ ಬಾಯಿ ಮುಚ್ಚಿಸಿ ರೋಗ ಹುಡುಕಲು ಹೋಗಬೇಡಿ. ಪೂರ್ತಿ ಕೇಳಿ, ಬಟ್ಟೆ ಸರಿಸಿ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ. ಆಮೇಲೆ ಬೇಕಾದರೆ ಮೆಷಿನ್ನು ಇದ್ದೇ ಇದೆ. ಇದು ಡಾಕ್ಟರುಗಳಿಗೆ ಮಾತ್ರ ಅಂತ ನೀವು ನಗಬೇಡಿ. ಮನೆಯಲ್ಲಿ ಯಾರಾದರೂ ಬಾಯಿ ತೆರೆದ ಕೂಡಲೇ "ಗೊತ್ತು ಬಿಡು" ಅನ್ನುವವರಿಗೂ ಇದೇ ಔಷಧಿ.