ಆನೆಹೊಂಡದ ಕಾವಲು ಸಭೆ

ಬಿದಿರು ಮೆಳೆಗಳೂ ತೇಗದ ಮರಗಳೂ ತುಂಬಿದ ಒಂದು ಕಾಡಿತ್ತು, ಮಕ್ಕಳೇ. ಅದರ ನಡುವೆ ಆನೆಹೊಂಡ ಎಂಬ ನೀರಿನ ಹೊಂಡ. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಗಳೆಲ್ಲ ಬತ್ತಿ ಹೋಗುತ್ತಿದ್ದವು. ಆಗ ಕಾಡಿನ ಅಷ್ಟೂ ಪ್ರಾಣಿಗಳು ನೀರು ಕುಡಿಯಲು ಆನೆಹೊಂಡಕ್ಕೇ ಬರಬೇಕು.

ಇದು ಭರಮನಿಗೂ ಚೆನ್ನಾಗಿ ಗೊತ್ತಿತ್ತು. ಭರಮ ಅಂದರೆ ಎದುರಿನ ಕಲ್ಲುಗುಡ್ಡದಲ್ಲಿದ್ದ ಚಿರತೆ. ಬೇಸಿಗೆಯಲ್ಲಿ ಅವನು ಊಟ ಹುಡುಕಿಕೊಂಡು ಅಲೆಯುತ್ತಲೇ ಇರಲಿಲ್ಲ. ಊಟವೇ ಹೊಂಡಕ್ಕೆ ನಡೆದು ಬರುವಾಗ ಅಲೆಯುವುದು ಯಾಕೆ?

ಅದಕ್ಕೇ ಪ್ರಾಣಿಗಳೆಲ್ಲ ಸೇರಿ ಒಂದು ಕಾವಲು ಪಡೆ ಕಟ್ಟಿದ್ದವು. ಪಡೆಗೆ ಹಿರಿಯ ಹಾಲಪ್ಪ ಎಂಬ ಮುಸುವ, ಕಪ್ಪು ಮುಖದ, ಉದ್ದ ಬಾಲದ ಕೋತಿ. ಮರದ ತುದಿಗೆ ಹತ್ತಿದರೆ ಅವನಿಗೆ ದೂರದ ಹುಲ್ಲು ಅಲ್ಲಾಡಿದ್ದೂ ಕಾಣುತ್ತಿತ್ತು. ಎರಡನೆಯವಳು ಚುಕ್ಕವ್ವ ಎಂಬ ಜಿಂಕೆ. ಗಾಳಿ ಬರುವ ದಿಕ್ಕಿನಲ್ಲಿ ಚಿರತೆ ಇದ್ದರೆ ಅವಳ ಮೂಗಿಗೆ ತಿಳಿಯುತ್ತಿತ್ತು. ಸಿಂಗಾರಯ್ಯ ಎಂಬ ನವಿಲಿನದು ಇಡೀ ಕಾಡಿಗೆ ಕೇಳುವ ಗಂಟಲು. ಇನ್ನು ಪೊದೆಗಳ ಬುಡದಲ್ಲಿ ಕುಪ್ಪಳಿಸುತ್ತಾ ಇರುವ ಹರಟೆಮಲ್ಲ ಹಕ್ಕಿಗಳು. ಅವರಲ್ಲಿ ಹಿರಿಯವಳು ಕೆಂಚಕ್ಕ.

ದಿನಾ ಬೆಳಿಗ್ಗೆ ನೀರಿಗಿಳಿಯುವ ಮೊದಲು ಇವರೆಲ್ಲ ಅತ್ತಿಮರದ ಕೆಳಗೆ ಸಭೆ ಸೇರುತ್ತಿದ್ದರು. ಇವತ್ತು ಗಾಳಿ ಎತ್ತ ಕಡೆಯಿಂದ? ಯಾರು ಎಲ್ಲಿ ನಿಲ್ಲಬೇಕು? ನಿನ್ನೆ ಯಾರಾದರೂ ಹೆಜ್ಜೆ ಗುರುತು ಕಂಡಿರಾ? ಮಾತಾಡಬೇಕಿದ್ದದ್ದು ಇಷ್ಟೇ.

ಆದರೆ ಹಾಲಪ್ಪನಿಗೆ ಸಭೆ ಅಂದರೆ ಪ್ರಾಣ. ಒಂದು ಸಲ ಮಾತಿಗೆ ಕೂತರೆ ಅವನಿಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ.

"ಗಾಳಿಯ ವಿಚಾರಕ್ಕೆ ಆಮೇಲೆ ಬರೋಣ," ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. "ಅದಕ್ಕೂ ಮೊದಲು, ನಮ್ಮ ತಾತ ಒಂದು ಹುಲಿಯನ್ನು ಹೇಗೆ ಬೆದರಿಸಿ ಓಡಿಸಿದ ಅಂತ ನಿಮಗೆಲ್ಲ ತಿಳಿದಿರಬೇಕು."

"ತಿಳಿದಿದೆ ಹಾಲಪ್ಪಣ್ಣ, ನಿನ್ನೆ ಹೇಳಿದೆಯಲ್ಲ," ಎನ್ನುತ್ತಿದ್ದ ಸಿಂಗಾರಯ್ಯ.

"ನಿನ್ನೆ ಪೂರ್ತಿ ಹೇಳಲಿಲ್ಲ!"

ತಾತನ ಕತೆ ಮುಗಿಯುತ್ತಲೇ ಚಿಕ್ಕಪ್ಪನದು ಶುರು. ಯಾರಾದರೂ "ನಾನು ನಿನ್ನೆ ಹಳ್ಳದ ಹತ್ತಿರ..." ಎಂದು ಬಾಯಿ ತೆರೆದರೆ ಸಾಕು, "ಹಳ್ಳ ಅಂದೆಯಲ್ಲ, ಸರಿಯಾಗಿ ನೆನಪಿಸಿದೆ," ಎಂದು ಹಾಲಪ್ಪ ಹಳ್ಳದ ಕತೆಗೆ ಹೊರಳುತ್ತಿದ್ದ. ತಂಪು ಹೊತ್ತಿನಲ್ಲಿ ಶುರುವಾದ ಸಭೆ ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಸಿಂಗಾರಯ್ಯ ಕೂತಲ್ಲೇ ತೂಕಡಿಸುತ್ತಿದ್ದ. ಹರಟೆಮಲ್ಲಗಳು ಒಬ್ಬರ ಕಿವಿಯಲ್ಲೊಬ್ಬರು ಗುಸುಗುಸು ಮಾಡುತ್ತಿದ್ದವು. ಚುಕ್ಕವ್ವ ಒಬ್ಬಳೇ ಹಾಲಪ್ಪನನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದಳು. ಹಿಂದೆ ನೀರಿಗಾಗಿ ಕಾದು ನಿಂತ ಹಿಂಡಿನ ನಾಲಿಗೆ ಒಣಗುತ್ತಿತ್ತು.

ಹಾಲಪ್ಪನ ದನಿ ಗುಡ್ಡದವರೆಗೂ ಕೇಳುತ್ತಿತ್ತು. ಬಂಡೆಯ ಮೇಲೆ ಮಲಗಿದ್ದ ಭರಮನೂ ದಿನಾ ಕೇಳುತ್ತಿದ್ದ. ಕೇಳಿ ಕೇಳಿ ಅವನಿಗೊಂದು ವಿಷಯ ಹೊಳೆಯಿತು.

"ಈ ಮುಸುವ ಮಾತಾಡುವಷ್ಟು ಹೊತ್ತೂ ಕಾವಲಿನವರೆಲ್ಲ ಅವನ ಮುಂದೆ ಕೂತಿರುತ್ತಾರೆ. ಹಾಗಾದರೆ ಕಾಯುವವರು ಯಾರು?" ಎಂದು ಮೀಸೆ ಕುಣಿಸಿದ. "ಆಹಾ, ಇಂಥ ಸಭೆ ದಿನಾ ನಡೆಯಲಪ್ಪ!"

ಮರುದಿನ ಹಾಲಪ್ಪನ ದನಿ ಏರುತ್ತಿದ್ದಂತೆ ಭರಮ ಒಣಹಳ್ಳದ ಗುಂಟ ಸದ್ದಿಲ್ಲದೆ ಇಳಿದು ಬಂದ.

ಅದೇ ಹೊತ್ತಿಗೆ ಚುಕ್ಕವ್ವನ ಮರಿ ಚಿಗುರಿಗೆ ಬಾಯಾರಿಕೆ ತಡೆಯಲಾಗಲಿಲ್ಲ. ಅಮ್ಮನನ್ನು ಕೇಳೋಣವೆಂದರೆ ಅಮ್ಮ ಸಭೆಯಲ್ಲಿದ್ದಾಳೆ. 'ಒಂದೇ ಗುಟುಕು ಕುಡಿದು ಬಂದುಬಿಡುತ್ತೇನೆ' ಎಂದುಕೊಂಡು ಅವಳು ಒಬ್ಬಳೇ ಹೊಂಡದ ಅಂಚಿಗೆ ಹೋದಳು.

"ಎಚ್ಚರ! ಎಚ್ಚರವೇ ನಮ್ಮ ಉಸಿರು!" ಎಂದು ಅತ್ತಿಮರದ ಕೆಳಗೆ ಹಾಲಪ್ಪ ಕೈಯೆತ್ತಿ ಹೇಳುತ್ತಿದ್ದ.

ಅಷ್ಟರಲ್ಲಿ ಭರಮ ಹಾರಿದ.

ಚಿಗುರಿಯ ಪುಣ್ಯ, ಅಂಚಿನ ಹಸಿ ಮಣ್ಣು ಅವನ ಹಿಂಗಾಲಿನ ಕೆಳಗೆ ಜಾರಿತು. ಪಂಜ ಗುರಿ ತಪ್ಪಿ ಮರಿಯ ತೊಡೆಯನ್ನು ಗೀರಿತು, ಅಷ್ಟೇ. ಚಿಗುರಿ ದೊಪ್ಪೆಂದು ನೀರಿಗೆ ಬಿದ್ದು, ಕಿರುಚುತ್ತಾ ಈಜಿ ಆಚೆ ದಡ ಸೇರಿದಳು. ಸದ್ದಿಗೆ ಎಲ್ಲರೂ ಕೂಗುತ್ತಾ ಓಡಿ ಬಂದರು. ಭರಮ ಕೆಸರು ಕೊಡವಿಕೊಂಡು ಗುಡ್ಡಕ್ಕೆ ಮರಳಿದ. 'ಇವತ್ತು ತಪ್ಪಿತು. ನಾಳೆಯೂ ಸಭೆ ಇದ್ದೇ ಇದೆ' ಅನ್ನುವುದು ಅವನ ಸಮಾಧಾನ.

ಚುಕ್ಕವ್ವ ಮರಿಯ ಗಾಯ ನೆಕ್ಕುತ್ತಿದ್ದಳು. ಹಾಲಪ್ಪನೂ ಬಗ್ಗಿ ಗಾಯ ನೋಡಿದ. ಆದರೆ ಅವನಿಗೆ ಹೊಳೆದದ್ದು ಒಂದೇ ಉಪಾಯ.

"ನಮ್ಮ ಸಭೆ ಸಾಲುತ್ತಿಲ್ಲ. ನಾಳೆಯಿಂದ ಬೆಳಿಗ್ಗೆ ಒಂದು, ಸಂಜೆ ಒಂದು!"

"ಇನ್ನೊಂದಾ?" ಎಂದು ಸಿಂಗಾರಯ್ಯ ತಲೆಯ ಮೇಲಿನ ತುರಾಯಿ ನೆಟ್ಟಗೆ ಮಾಡಿ ಕೂಗಿದ. "ಇರೋ ಒಂದರಲ್ಲೇ ಮರಿ ಸಾಯ್ತಿತ್ತು!"

"ನನಗೆ ಸಭೆಯೂ ಬೇಡ, ಪಡೆಯೂ ಬೇಡ. ನಾಳೆಯಿಂದ ನಾನು ಬರೋದಿಲ್ಲ," ಎಂದಳು ಚುಕ್ಕವ್ವ.

"ನಾವೂ ಬರೋದಿಲ್ಲ," ಎಂದಳು ಕೆಂಚಕ್ಕ.

ಹಾಲಪ್ಪನ ಮುಖ ಇನ್ನಷ್ಟು ಕಪ್ಪಾಯಿತು. "ಹಾಗೋ? ಬೇಡವಾದರೆ ಬಿಡಿ. ನನಗೇನು ನಷ್ಟ?" ಎಂದು ಮುನಿಸಿಕೊಂಡು ಮರ ಹತ್ತಿದ.

ಮರುದಿನ ಸಭೆ ನಡೆಯಲಿಲ್ಲ. ಎಲ್ಲರಿಗೂ ಹಬ್ಬ ಬಂದಷ್ಟು ಖುಷಿ. ತಂಪು ಹೊತ್ತಿನಲ್ಲೇ ನೀರಿಗಿಳಿದರು. ಆ ದಿನ ಗಾಳಿ ಬಿದಿರಿನ ಕಡೆಯಿಂದ ಬೀಸುತ್ತಿತ್ತು. ಗುಡ್ಡದ ಕಡೆಯ ವಾಸನೆ ಚುಕ್ಕವ್ವನಿಗೆ ಸಿಗುವಂತಿರಲಿಲ್ಲ. ಆ ಕಡೆ ಹಾಲಪ್ಪ ನೋಡುತ್ತಾನೆ ಎಂದು ಅವಳು ಅಂದುಕೊಂಡಳು. ಹಾಲಪ್ಪ ಮುನಿಸಿನಲ್ಲಿ ಗುಡ್ಡಕ್ಕೆ ಬೆನ್ನು ಹಾಕಿ ಅತ್ತಿಹಣ್ಣು ತಿನ್ನುತ್ತಿದ್ದ. ಕೆಂಚಕ್ಕ ನೋಡುತ್ತಾಳೆ ಎಂದು ಸಿಂಗಾರಯ್ಯ, ಸಿಂಗಾರಯ್ಯ ನೋಡುತ್ತಾನೆ ಎಂದು ಕೆಂಚಕ್ಕ.

ಗುಡ್ಡದ ಕಡೆಯಿಂದ ಬಂದ ಭರಮ ನೇರ ಸಿಂಗಾರಯ್ಯನ ಮೇಲೆರಗಿದ. ನವಿಲು ಅರಚುತ್ತಾ ಮೇಲಕ್ಕೆ ಹಾರಿತು. ಚಿರತೆಯ ಬಾಯಿಗೆ ಸಿಕ್ಕಿದ್ದು ಬಾಲದ ಗರಿಗಳ ಒಂದು ಕಟ್ಟು ಮಾತ್ರ. ಭರಮ ಥೂ ಥೂ ಎಂದು ಗರಿ ಉಗುಳುತ್ತಾ ವಾಪಸಾದ.

ಸಿಂಗಾರಯ್ಯ ಕೊಂಬೆಯ ಮೇಲೆ ಕೂತು ತನ್ನ ಬೋಳು ಬೆನ್ನನ್ನು ತಿರುತಿರುಗಿ ನೋಡಿಕೊಂಡ. "ಅಯ್ಯೋ! ಮಳೆಗಾಲಕ್ಕೆ ನಾನು ಹೇಗೆ ಕುಣಿಯಲಿ? ಯಾರಿಗೆ ಮುಖ ತೋರಿಸಲಿ?"

"ಮುಖಕ್ಕೇನೂ ಆಗಿಲ್ಲ, ತೋರಿಸಬಹುದು," ಎಂದಳು ಕೆಂಚಕ್ಕ. ಆದರೆ ಅವಳಿಗೂ ನಗು ಬರಲಿಲ್ಲ. ಸಭೆ ನಡೆದರೂ ಅಪಾಯ, ನಡೆಯದಿದ್ದರೂ ಅಪಾಯ. ಇನ್ನು ಮಾಡುವುದೇನು?

ಹಾಲಪ್ಪ ಇನ್ನೂ ಅತ್ತಿಮರದ ಮೇಲೆಯೇ ಇದ್ದ. ಕೆಳಗೆ ಚಿಗುರಿ ಕುಂಟುತ್ತಾ ನಡೆಯುವುದು ಕಾಣುತ್ತಿತ್ತು. ಅದನ್ನು ನೋಡಿದಷ್ಟೂ ಅವನ ಮುನಿಸು ಕರಗಿತು. ಕೊನೆಗೆ ಮರ ಇಳಿದು ಚುಕ್ಕವ್ವನ ಹತ್ತಿರ ಹೋದ.

"ಚುಕ್ಕವ್ವ, ಒಂದು ಮಾತು ಕೇಳ್ತೀನಿ. ನಾನು ನಡೆಸುವ ಸಭೆ ಹೇಗಿರುತ್ತೆ?"

ಚುಕ್ಕವ್ವ ಕಿವಿ ಹಿಂದಕ್ಕೆ ಮಾಡಿದಳು. "ನಿಜ ಹೇಳಿದರೆ ನೀನು ಸಿಟ್ಟು ಮಾಡ್ಕೋತೀಯ, ಅಣ್ಣ."

"ಇಲ್ಲ."

"ಇಲ್ಲಾಂದ್ರೆ ನಡುವೆ ಬಾಯಿ ಹಾಕ್ತೀಯ."

"ಹಾಕಲ್ಲ. ನೋಡು ಬೇಕಾದರೆ!" ಎಂದು ಹಾಲಪ್ಪ ತನ್ನ ಬಾಲದ ತುದಿಯನ್ನೇ ಬಾಯಿಗೆ ತುರುಕಿಕೊಂಡು ಕೂತ.

ಆ ಅವತಾರ ನೋಡಿ ಚಿಗುರಿ ಕಿಲಕಿಲ ನಕ್ಕಳು. ಸಿಂಗಾರಯ್ಯ ಕೊಂಬೆಯಿಂದ ಇಳಿದ. ಕೆಂಚಕ್ಕ ತನ್ನ ಬಳಗದವರೊಂದಿಗೆ ಬಂದಳು.

ಮೊದಲು ಸಿಂಗಾರಯ್ಯ ಮಾತಾಡಿದ. "ಹಾಲಪ್ಪಣ್ಣ, ಹೋದ ವಾರ ನಾನು ಹಳ್ಳದಲ್ಲಿ ಚಿರತೆ ಹೆಜ್ಜೆ ಕಂಡಿದ್ದೆ. ಹೇಳೋಕೆ ಶುರು ಮಾಡಿದೆ. ನೀನು ನಿಮ್ಮ ಚಿಕ್ಕಪ್ಪ ಹಳ್ಳ ಹಾರಿದ ಕತೆ ಹೇಳಿದೆ. ಆಮೇಲೆ ನನಗೆ ನಿದ್ದೆ ಬಂತು."

ಹಾಲಪ್ಪನ ಕಣ್ಣು ದೊಡ್ಡದಾಯಿತು. 'ಉಂ ಉಂ' ಎಂದನೇ ಹೊರತು ಬಾಲ ಬಿಡಲಿಲ್ಲ.

ಕೆಂಚಕ್ಕ ಹೇಳಿದಳು: "ನಾವೆಲ್ಲ ಸಭೆಗೆ ಬಂದುಬಿಟ್ಟರೆ ಪೊದೆ ಕಡೆ ಕಣ್ಣೇ ಇರಲ್ಲ. ಅದನ್ನು ದಿನಾ ನಮ್ಮನಮ್ಮಲ್ಲೇ ಗುಸುಗುಸು ಅಂತ ಆಡಿಕೊಂಡೆವು. ನಿನ್ನ ಎದುರಿಗೆ ಒಂದು ಸಲವೂ ಹೇಳಲಿಲ್ಲ. ಅದು ನಮ್ಮ ತಪ್ಪು."

ಈಗ ಚುಕ್ಕವ್ವನ ಸರದಿ. "ಅಣ್ಣ, ಸಭೆಯಲ್ಲಿ ನೀನು ಹೇಳಿದ್ದು ಯಾವುದೂ ನನ್ನ ಕಿವಿಗೆ ಬಿದ್ದಿಲ್ಲ. ಬೆಳಿಗ್ಗೆ ತಿಂದ ಹುಲ್ಲನ್ನು ಮೆಲುಕು ಹಾಕುತ್ತಾ ಕೂತಿರ್ತಿದ್ದೆ. ಮೆಲುಕು ಹಾಕುವಾಗ ನನ್ನ ತಲೆ ತಾನಾಗೇ ಅಲ್ಲಾಡುತ್ತೆ."

ಹಾಲಪ್ಪನ ಬಾಯಿಯಿಂದ ಬಾಲ ಜಾರಿ ಬಿತ್ತು.

"ಮೆಲುಕೇ? ನೀನು ತಲೆಯಾಡಿಸಿದಾಗಲೆಲ್ಲ ಕತೆ ನಿನಗೆ ಹಿಡಿಸಿತು ಅಂತ ನಾನು ಇನ್ನೊಂದು ಶುರು ಮಾಡ್ತಿದ್ದೆನಲ್ಲೇ!"

ಕೆಂಚಕ್ಕ ಕಿಸಕ್ಕೆಂದಳು. ಸಿಂಗಾರಯ್ಯ ನಕ್ಕ. ಚುಕ್ಕವ್ವ ಬಿದ್ದು ಬಿದ್ದು ನಕ್ಕಳು. ಹಾಲಪ್ಪನಂತೂ ಹೊಟ್ಟೆ ಹಿಡಿದುಕೊಂಡು ನೆಲದಲ್ಲಿ ಹೊರಳಾಡಿದ.

ನಗು ನಿಂತ ಮೇಲೆ ಅವನು ಮೆತ್ತಗೆ ಕೇಳಿದ: "ಹಾಗಾದರೆ ನಮ್ಮ ಸಭೆಯಲ್ಲಿ ಒಳ್ಳೆಯದು ಅಂತ ಏನೂ ಇರಲಿಲ್ಲವೇ?"

"ಇತ್ತು, ಅಣ್ಣ," ಎಂದಳು ಚುಕ್ಕವ್ವ. "ಗಾಳಿ ಎತ್ತ ಕಡೆ ಅಂತ ಕೇಳ್ತಿದ್ದೆಯಲ್ಲ, ಅದು ಬೇಕು. ಯಾರು ಎಲ್ಲಿ ನಿಲ್ಲಬೇಕು ಅಂತ ಹೆಸರು ಹಿಡಿದು ಹೇಳೋದೂ ಬೇಕು. ಅದಿಲ್ಲದೆ ಏನಾಯ್ತು ಅಂತ ಸಿಂಗಾರಯ್ಯನ ಬೆನ್ನು ನೋಡಿದರೆ ಗೊತ್ತಾಗುತ್ತೆ."

"ಕತೆ?" ಎಂದು ಹಾಲಪ್ಪ ಇನ್ನೂ ಮೆತ್ತಗೆ ಕೇಳಿದ.

"ಕತೆಯೂ ಇರಲಿ," ಎಂದಳು ಚಿಗುರಿ. "ನೀರು ಕುಡಿದಾದ ಮೇಲೆ ಹೇಳು, ಮಾವ. ಕೇಳೋಕೆ ನಾನು ಬರ್ತೀನಿ."

ಮರುದಿನದ ಸಭೆ ಬೇರೆಯೇ ಥರ ಇತ್ತು. ಹರಟೆಮಲ್ಲಗಳಲ್ಲಿ ಕೆಂಚಕ್ಕ ಒಬ್ಬಳೇ ಬಂದಳು. ಉಳಿದವರು ಪೊದೆಗಳಲ್ಲೇ ಕಾವಲಿಗೆ ನಿಂತರು. ಹಾಲಪ್ಪ ತಗ್ಗಿದ ದನಿಯಲ್ಲಿ ಗಾಳಿಯ ದಿಕ್ಕು ಕೇಳಿದ. ಹೆಜ್ಜೆ ಗುರುತು ಕಂಡವರು ಮಾತು ಮುಗಿಸುವವರೆಗೂ ಕಾದ. ಯಾರು ಎಲ್ಲಿ ಎಂದು ಗೊತ್ತು ಮಾಡಿದ. ಏಳುವ ಮೊದಲು, "ಇವತ್ತಿನ ಸಭೆಯಿಂದ ನಿಮಗೆ ಉಪಯೋಗ ಆಯಿತಾ? ಏನು ಬಿಡಬೇಕು?" ಎಂದು ವಿಚಾರಿಸಿದ.

"ಬಿಡೋಕೆ ಏನಾದರೂ ಇರಬೇಕಲ್ಲ!" ಎಂದ ಸಿಂಗಾರಯ್ಯ.

ಅವರವರು ಅವರವರ ಜಾಗಕ್ಕೆ ಹೋದರು. ಹಿಂಡು ತಂಪು ಹೊತ್ತಿನಲ್ಲೇ ನೀರಿಗಿಳಿಯಿತು.

ಗುಡ್ಡದ ಮೇಲೆ ಭರಮ ಕಿವಿ ನಿಮಿರಿಸಿ ಕಾಯುತ್ತಲೇ ಇದ್ದ. ಮುಸುವನ ದನಿಯೇ ಇಲ್ಲ. 'ಸಭೆ ಇನ್ನೂ ಶುರುವಾಗಿಲ್ಲ' ಎಂದುಕೊಂಡು ಒಂದು ಕಿರುನಿದ್ದೆ ತೆಗೆದ. ಎಚ್ಚರವಾದಾಗ ಹಾಲಪ್ಪನ ದನಿ ಜೋರಾಗಿ ಕೇಳಿತು: "ಆಗ ನಮ್ಮ ತಾತ ಹುಲಿಯ ಮೀಸೆಯನ್ನೇ ಹಿಡಿದ..."

"ಶುರುವಾಯಿತು!" ಎಂದು ಭರಮ ನಾಲಿಗೆ ಚಪ್ಪರಿಸಿಕೊಂಡು ಒಣಹಳ್ಳಕ್ಕೆ ಇಳಿದ.

ಆದರೆ ಶುರುವಾಗಿದ್ದು ಸಭೆ ಅಲ್ಲ, ಮಕ್ಕಳೇ. ನೀರು ಕುಡಿದು ಬಂದ ಚಿಗುರಿಗೂ ಅವಳ ಗೆಳತಿಯರಿಗೂ ಹಾಲಪ್ಪ ಮರದ ಮೇಲೆ ತನ್ನ ಕಾವಲಿನ ಜಾಗದಲ್ಲೇ ಕೂತು, ಗುಡ್ಡದ ಮೇಲೆ ಕಣ್ಣಿಟ್ಟುಕೊಂಡೇ ಕತೆ ಹೇಳುತ್ತಿದ್ದ. ಉಳಿದವರೂ ಅವರವರ ಜಾಗ ಬಿಟ್ಟು ಕದಲಿರಲಿಲ್ಲ.

ಭರಮ ಹಳ್ಳದ ತಿರುವು ದಾಟಿದನೋ ಇಲ್ಲವೋ, ಪೊದೆಯ ಹರಟೆಮಲ್ಲಗಳು ಒಟ್ಟಿಗೇ ಕಿರುಚಿದವು. ಹಾಲಪ್ಪ ತಾತನ ಕೈಯಲ್ಲಿ ಹುಲಿಯ ಮೀಸೆಯನ್ನು ಹಾಗೇ ಬಿಟ್ಟು "ಖೊಕ್! ಖೊಕ್!" ಎಂದು ಕೂಗಿದ. ಸಿಂಗಾರಯ್ಯ ಇಡೀ ಕಾಡು ಬೆಚ್ಚುವಂತೆ ಅರಚಿದ. ಚುಕ್ಕವ್ವ ಕಾಲು ಅಪ್ಪಳಿಸಿ ಹಿಂಡನ್ನು ಬಿದಿರಿನತ್ತ ಓಡಿಸಿದಳು. ನಾಲ್ಕೂ ಕಡೆಯಿಂದ ಎದ್ದ ಗದ್ದಲಕ್ಕೆ ಗಾಬರಿಬಿದ್ದ ಭರಮ ಹಿಂದೆ ನೋಡುತ್ತಾ ಮುಂದೆ ಹಾರಿ, ಕಾಡುಹಂದಿಗಳು ಹೊರಳಾಡುವ ಕೆಸರುಗುಂಡಿಗೆ ಹೊಟ್ಟೆಯವರೆಗೆ ಇಳಿದುಬಿಟ್ಟ. ಅಲ್ಲಿಂದ ಅವನು ಏಳುವುದನ್ನು ಹಿಂಡಿನವರೆಲ್ಲ ದೂರದಲ್ಲಿ ನಿಂತು ಆರಾಮಾಗಿ ನೋಡಿದರು. ಮೈಯೆಲ್ಲ ಕೆಸರಾಗಿ, ಮಚ್ಚೆ ಎಲ್ಲಿ ಮೈ ಎಲ್ಲಿ ಎಂದು ತಿಳಿಯದಂತಾಗಿದ್ದ ಭರಮ ಆ ಬೇಸಿಗೆ ಪೂರ್ತಿ ಆನೆಹೊಂಡದ ಕಡೆ ತಲೆ ಹಾಕಲಿಲ್ಲ.

ಆನೆಹೊಂಡದ ಸುದ್ದಿ ಕಾಡೆಲ್ಲ ಹಬ್ಬಿತು. ಕೆಲವು ದಿನಗಳ ಮೇಲೆ ಪಕ್ಕದ ಕಣಿವೆಯ ಕಾಡುಕೋಣಗಳ ಯಜಮಾನ ಹಾಲಪ್ಪನನ್ನು ಹುಡುಕಿಕೊಂಡು ಬಂದ.

"ನಮ್ಮಲ್ಲಿ ಸಭೆ ಅಂದರೆ ಬರೀ ಜಗಳ, ಇಲ್ಲವೇ ಗೊರಕೆ. ಒಳ್ಳೆಯ ಸಭೆ ನಡೆಸೋದು ಹೇಗೆ ಅಂತ ಸ್ವಲ್ಪ ಹೇಳಿಕೊಡಪ್ಪ. ನಿನಗಿಂತ ಚೆನ್ನಾಗಿ ಬಲ್ಲವರು ಇನ್ಯಾರಿದ್ದಾರೆ?"

ಹಾಲಪ್ಪ ಉತ್ಸಾಹದಿಂದ ಗಂಟಲು ಸರಿಮಾಡಿಕೊಂಡ. ಮರುಕ್ಷಣ ಅವನಿಗೇ ನಗು ಬಂತು.

"ಅದನ್ನು ನನ್ನ ಕೇಳಬೇಡಿ ಯಜಮಾನರೇ," ಎಂದ. "ನಿಮ್ಮ ಸಭೆಯಲ್ಲಿ ದಿನಾ ಕೂತಿರುತ್ತಾರಲ್ಲ, ಅವರನ್ನು ಕೇಳಿ. ಕೇಳಿದ ಮೇಲೆ ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ಕಷ್ಟದ ಕೆಲಸ ಅದೊಂದೇ."

ನೀತಿ: ಕೂಡಿ ಮಾಡುವ ಕೆಲಸ ಚೆನ್ನಾಗಿ ನಡೆಯಬೇಕಾದರೆ, ಮುಂದೆ ನಿಂತವರು ಕೇಳಿಸಿಕೊಳ್ಳಬೇಕು, ಜೊತೆಗಿರುವವರು ಕಂಡದ್ದನ್ನು ಎದುರಿಗೇ ಹೇಳಬೇಕು.