ಪಡದಯ್ಯಜ್ಜನವರು ಕೊಟ್ಟ ಪಾಟಿ

ನಾಡಗೌಡರ ಮನೆತನದ ಬಗ್ಗೆ ಗದಗ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಮಾವನವರ ಅಜ್ಜ ಊರಿನ ಮೊದಲ ಹೆಣ್ಣುಮಕ್ಕಳ ಶಾಲೆಗೆ ಜಾಗ ಕೊಟ್ಟವರು. ಮಾವನವರು ಇಪ್ಪತ್ತೆರಡು ವರ್ಷ ಪಂಚರಾಗಿ ನ್ಯಾಯ ಹೇಳಿದರು. ಅವರ ಮಾತು ಮೀರಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದ್ದಿಲ್ಲ. ನಮ್ಮ ಪಡಸಾಲೆಗೆ ಬಂದವರು ನೀರು, ಬೆಲ್ಲ ಮುಟ್ಟದೆ ಹಿಂದಿರುಗಿದ್ದೂ ಇಲ್ಲ. ನನ್ನ ತವರೂ ಕಡಿಮೆಯದಲ್ಲ. ತಂದೆ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದರು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳು. ಪುಸ್ತಕದ ಹಾಳೆಯ ಮೂಲೆ ಮಡಚಿದ್ದರೂ ಅವರು ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಪ್ರಸಂಗದಲ್ಲಿ ತಪ್ಪಿದವಳು ನಾನೇ. ತಿದ್ದಿದವರು ಪರಮಪೂಜ್ಯ ಶ್ರೀ ಪಡದಯ್ಯಜ್ಜನವರು.

ಪೂಜ್ಯರು ಆಗ ಬಸರಿಹಾಳದ ಮಠದಲ್ಲಿದ್ದರು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಅದರ ಮುಂದೆ ತಗಡಿನ ಚಪ್ಪರ, ಅಷ್ಟೆ. ಮೈಮೇಲೆ ತೇಪೆ ಹಾಕಿದ ಕಾವಿ, ಕೂರಲು ಒಂದು ಗೋಣಿತಟ್ಟು. ಜೋಳಿಗೆಯಲ್ಲಿ ಬಂದ ಕಾಳಿನಿಂದಲೇ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ದಾಸೋಹ ಆರಂಭವಾಗುತ್ತಿತ್ತು. ಅಜ್ಜನವರು ತಾವೇ ಸೌಟು ಹಿಡಿದು ನಿಂತು, ಬಂದವರಿಗೆಲ್ಲ ಜೋಳದ ನುಚ್ಚು, ಸಾರು ಬಡಿಸುತ್ತಿದ್ದರು. ಎಲ್ಲರೂ ಉಂಡ ಮೇಲೆ ಉಳಿದುದನ್ನು ತಾವು ಉಣ್ಣುತ್ತಿದ್ದರು. ಮಾತು ಬಹಳ ಕಡಿಮೆ.

ನನ್ನ ಯಜಮಾನರು ಲಿಂಗೈಕ್ಯರಾದ ಮೇಲೆ ಕೈಕಟ್ಟಿ ಕೂರುವುದು ನನಗೆ ಸಾಧ್ಯವಾಗಲಿಲ್ಲ. ನಮ್ಮ ಮನೆಯ ಖಡಕ್ ರೊಟ್ಟಿಯ ರುಚಿ ಎಲ್ಲರಿಗೂ ಗೊತ್ತಿತ್ತು. ಗದಗದ ವಾಡೆಯ ಪಡಸಾಲೆಯಲ್ಲಿ ರೊಟ್ಟಿ ಅಂಗಡಿ ತೆರೆದೆ. ಫಕೀರವ್ವ ಮತ್ತು ಇನ್ನೂ ಮೂವರು ಹೆಂಗಸರು ಹಿತ್ತಿಲ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಆ ನಾಲ್ಕು ಮನೆಗಳ ಒಲೆ ಉರಿಯುತ್ತಿದ್ದದ್ದು ಈ ಕೆಲಸದಿಂದ.

ಅಂಗಡಿ ನಡೆಯಲಿಲ್ಲ. ರೊಟ್ಟಿಯಲ್ಲಿ ಕೊರತೆಯಿರಲಿಲ್ಲ, ಹಪ್ಪಳದಂತೆ ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಜನ ಒಮ್ಮೆ ಬರುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ನಾನೇನು ಕಡಿಮೆ ಮಾಡಿದ್ದೆ? ಬಂದವರನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ನೀರು, ಬೆಲ್ಲ, ಆಮೇಲೆ ಚಹಾ. ಯಾವ ಊರು, ಯಾರ ಪೈಕಿ, ಹೆಣ್ಣು ಕೊಟ್ಟದ್ದು ಎಲ್ಲಿಗೆ ಎಂದು ಮನೆತನಕ್ಕೆ ತಕ್ಕಂತೆ ವಿಚಾರಿಸುತ್ತಿದ್ದೆ. ದರ ಕೇಳಿದರೆ “ನಿಮಗ ತಿಳಿದಷ್ಟು ಕೊಡ್ರಿ” ಎನ್ನುತ್ತಿದ್ದೆ. ನಾಡಗೌಡರ ಸೊಸೆ ಬಾಯಿಬಿಟ್ಟು ದರ ಹೇಳುವುದೇ? ಪೂಜೆ ಮುಗಿದಾಗ ಬಾಗಿಲು ತೆರೆಯುತ್ತಿದ್ದೆ. ಅದು ಒಂದು ದಿನ ಒಂಬತ್ತಕ್ಕೆ, ಇನ್ನೊಂದು ದಿನ ಹನ್ನೊಂದಕ್ಕೆ.

ಶಿವರಾತ್ರಿಯ ಮರುದಿನ ನನ್ನ ಮೈದುನ, ವಕೀಲ ಈಶ್ವರಗೌಡರು ಬಂದರು. ವಾಡೆಯಲ್ಲಿ ಅವರದೂ ಪಾಲಿದೆ.

“ವೈನ್ಯಾರ, ನಾಡಗೌಡ್ರ ಪಡಸಾಲ್ಯಾಗ ರೊಟ್ಟಿ ಮಾರ್ತಾರಂತ ಬಾರ್ ರೂಮಿನ್ಯಾಗ ನಗ್ತಾರ. ಮಾರಿದ್ರ ಅದೂ ಒಂದು ಮಾತು. ಕುರ್ಚಿ ಹಾಕಿ ಚಾ ಕುಡಸಾಕ ಹತ್ತೀರಿ! ಯುಗಾದಿ ತನಕಾ ನೋಡ್ತೀನಿ. ಅವತ್ತ ಪಡಸಾಲಿಗೆ ಕೀಲಿ ಬೀಳ್ತದ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ನಾಲ್ವರೂ ಕೇಳಿಸಿಕೊಂಡಿದ್ದರು.

ಸಂಜೆ ಫಕೀರವ್ವ, “ಅಕ್ಕಾರ, ಒಮ್ಮೆ ಅಜ್ಜಾರ ಪಾದ ಹಿಡದು ಬರೂಣ್ರಿ” ಎಂದಳು.

“ಅಂಗಡಿಗೂ ಮಠಕ್ಕೂ ಏನು ಸಂಬಂಧ?” ಎಂದೆ. ಪರೀಕ್ಷೆಗೆ ಓದದೆ ದೇವರ ಮುಂದೆ ಮೇಣದಬತ್ತಿ ಹಚ್ಚುವ ಹುಡುಗಿಯರನ್ನು ನಮ್ಮ ಸಿಸ್ಟರುಗಳು ಹೊರಗೆ ನಿಲ್ಲಿಸುತ್ತಿದ್ದರು. ಆದರೂ ಹೋದೆ, ಫಕೀರವ್ವನ ಮನಸ್ಸು ಮುರಿಯಬಾರದೆಂದು.

ಮರುದಿನ ನಾವು ಮಠ ಮುಟ್ಟಿದಾಗ ಹನ್ನೆರಡು ಗಂಟೆ. ಚಪ್ಪರದ ಕೆಳಗೆ ಜನ ಪಾಳಿ ಹಚ್ಚಿ ನಿಂತಿದ್ದರು. ಫಕೀರವ್ವ ಉದ್ದಕ್ಕೆ ಬಿದ್ದು ನಮಸ್ಕರಿಸಿ, “ಅಜ್ಜಾರ, ಅಕ್ಕಾರ ಅಂಗಡಿ ನಡೀವಲ್ದರಿ. ಒಂದ ತಾಯಿತ ಮಾಡಿ ಕೊಡ್ರಿ” ಎಂದಳು. ನಾನು ಕೈ ಮುಗಿದೆ, ತಲೆ ಬಾಗಿಸಲಿಲ್ಲ.

ಅಜ್ಜನವರು ನನ್ನನ್ನು ನೋಡಿದರು. ಸೌಟನ್ನು ನನ್ನ ಕೈಗೆ ಕೊಟ್ಟು, “ಬಡಸು ತಾಯಿ” ಎಂದು ಪಕ್ಕಕ್ಕೆ ಸರಿದು ನಿಂತರು.

ಬಡಿಸುವುದು ನನಗೆ ಹೊಸದಲ್ಲ. ಮೊದಲು ಬಂದವರನ್ನು ಕೇಳಿದೆ: “ಯಾವ ಊರ್ರೀ? ಯಾರ ಪೈಕಿ?” ಅವರು ಹೇಳಿದರು, ಬಡಿಸಿದೆ. ಎರಡನೆಯವರನ್ನೂ ಕೇಳಿದೆ. ಮೂರನೆಯವರ ಹತ್ತಿರ ಅವರ ಸೋದರಮಾವನ ಗುರುತು ಸಿಕ್ಕಿತು, ಮಾತು ಬೆಳೆಯಿತು. ಪಾಳಿ ನಿಂತಲ್ಲೇ ನಿಂತಿತು. ಹಿಂದಿನಿಂದ ಒಬ್ಬ ಮುದುಕಿ ತಾಟು ಬಾರಿಸುತ್ತ ಕೂಗಿದಳು:

“ಯವ್ವಾ, ಮೊದಲ ನುಚ್ಚು ಹಾಕ! ಹೊಟ್ಟಿ ತುಂಬಿದ ಮ್ಯಾಲ ನಮ್ಮ ಏಳು ತಲಿ ಸುದ್ದಿ ಕುಂತು ಹೇಳ್ತೀನಿ!”

ಚಪ್ಪರವೆಲ್ಲ ನಕ್ಕಿತು. ಫಕೀರವ್ವ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜನವರು ಮಾತ್ರ ನಗಲಿಲ್ಲ, ಸೌಟನ್ನು ತಿರುಗಿ ಕೇಳಲೂ ಇಲ್ಲ. ನನ್ನ ಮುಖ ಬಿಸಿಯಾಯಿತು. ತಲೆ ತಗ್ಗಿಸಿ, ಯಾರ ಹೆಸರನ್ನೂ ಕೇಳದೆ, ಪಾಳಿ ಮುಗಿಯುವವರೆಗೆ ಬಡಿಸಿದೆ. ಬಂದವರು ತೃಪ್ತಿಯಿಂದ “ಶರಣ್ರಿ” ಎಂದು ಹೋಗುತ್ತಿದ್ದರು.

ಕೊನೆಯ ತಾಟು ಹೋದ ಮೇಲೆ ಅಜ್ಜನವರು ಮೆಲ್ಲಗೆ ಹೇಳಿದರು: “ಏನರ ಬೇಕಂತ ಬಂದಾವ್ರನ್ನ ಬೀಗರಂಗ ಕೂಡಿಸಿಕೊಳ್ಳೂದು ಮರ್ಯಾದಿ ಅಲ್ಲ, ತಾಯಿ. ಅವರ ಹೊತ್ತು ಉಳಸೂದು ಮರ್ಯಾದಿ.”

ಸೌಟನ್ನು ಕೆಳಗಿಟ್ಟು ಫಕೀರವ್ವನತ್ತ ತಿರುಗಿದೆ. ಕುರ್ಚಿಯ ವಿಷಯ, ಚಹಾದ ವಿಷಯ ಅವರಿಗೆ ಹೇಳಿದವರಾರು? ತಾನು ಹೇಳಿಲ್ಲವೆಂದು ಫಕೀರವ್ವ ಇಂದಿಗೂ ಲಿಂಗ ಮುಟ್ಟಿ ಆಣೆ ಮಾಡುತ್ತಾಳೆ.

ಅಜ್ಜನವರು ಒಳಗೆ ಹೋಗಿ, ದಾಸೋಹದ ಹೊತ್ತನ್ನು ಬಳಪದಿಂದ ಬರೆಯುತ್ತಿದ್ದ ಪಾಟಿಯನ್ನು ತಂದು, ಅಂಗೈಯಿಂದ ಒರೆಸಿ ನನಗೆ ಕೊಟ್ಟರು.

“ತಾಯಿತ ಇದ. ದರ ಬರಿ. ಬಾಗಿಲಾ ತಗಿಯೂ ಹೊತ್ತು ಬರಿ. ಬರದಂಗ ನಡಿ. ರೊಟ್ಟಿ ಬಡಿಯಾವ್ರ್ನ ಹಿತ್ತಲದಾಗ ಮುಚ್ಚಿಡಬ್ಯಾಡ, ಮುಂದ ಕೂಡಸು.”

“ಅಜ್ಜಾರ, ನಮ್ಮ ಮನೆತನದಾಗ ದರ ಬರದು ತೂಗ ಹಾಕೂದು…” ಎಂದು ತೊದಲಿದೆ.

“ದರ ಬರೀದ ಅಂಗಡಿ ಮೆಟ್ಟಲಾ ಬಡವಾ ಹತ್ತೂದಿಲ್ಲ ತಾಯಿ. ಹೊರಗ ನಿಂತು ನೋಡಿ ಹೋಗ್ತಾನ.”

ಆ ಮಾತು ನನ್ನನ್ನು ಎರಡಾಗಿ ಸೀಳಿತು. ಎಷ್ಟೋ ಜನ ನಮ್ಮ ಮೆಟ್ಟಿಲ ಕೆಳಗೆ ನಿಂತು, ಕಿಸೆ ಮುಟ್ಟಿ ನೋಡಿಕೊಂಡು ಹೊರಟುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸಂಕೋಚದ ಜನ ಎಂದುಕೊಂಡಿದ್ದೆ. ಅವರನ್ನು ಹೊರಗಿಟ್ಟದ್ದು ನನ್ನ ದೊಡ್ಡತನವೇ. ಎಂದೂ ಬಾಗದ ನನ್ನ ತಲೆ ಅಂದು ಆ ಮಣ್ಣಿನ ನೆಲಕ್ಕೆ ತಾಗಿತು.

ಮರುದಿನ ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆದೆ. ಪಾಟಿಯನ್ನು ಬೀದಿಗೆ ಕಾಣುವಂತೆ ತೂಗುಹಾಕಿದೆ; ಅಕ್ಷರ ನನ್ನದೇ, ದುಂಡಗೆ. ಕುರ್ಚಿಗಳು ಒಳಗೆ ಹೋದವು. ಒಲೆಗಳು ಪಡಸಾಲೆಗೆ ಬಂದವು. ನಾಲ್ವರೂ ಸಾಲಾಗಿ ಕೂತು ರೊಟ್ಟಿ ಬಡಿಯತೊಡಗಿದಾಗ ಆ ಸದ್ದು ಬಸ್ ನಿಲ್ದಾಣದ ತಿರುವಿನವರೆಗೆ ಕೇಳುತ್ತಿತ್ತು. ಸದ್ದಿಗೆ ಜನ ತಿರುಗಿ ನೋಡಿದರು, ಪಾಟಿ ಓದಿದರು, ಮೆಟ್ಟಿಲು ಹತ್ತಿದರು. ನಾನು ಒಂದೇ ಮಾತು ಕೇಳುತ್ತಿದ್ದೆ: “ಎಷ್ಟು ಕೊಡಲಿ?” ಹೋದವರು ಮೂರನೆಯ ದಿನ ತಿರುಗಿ ಬಂದರು, ಬರುವಾಗ ಓಣಿಯವರನ್ನೂ ಕರೆತಂದರು. ಹದಿನೈದು ದಿನದಲ್ಲಿ ನಾಲ್ಕು ಒಲೆ ಸಾಲದೆ ಏಳಾದವು.

ಯುಗಾದಿ ಬಂತು. ಈಶ್ವರಗೌಡರು ಹೊಸ ಕೀಲಿ ಜೇಬಿಗೆ ಹಾಕಿಕೊಂಡು ಬಂದರು. ಪಾಳಿ ಪಡಸಾಲೆಯಿಂದ ಇಳಿದು, ಬೀದಿ ದಾಟಿ, ಹಿಟ್ಟಿನ ಗಿರಣಿಯವರೆಗೆ ನಿಂತಿತ್ತು. ಅವರು ಜನರನ್ನು ಸರಿಸುತ್ತ ಮುಂದೆ ಬರುವಾಗ ಒಬ್ಬ ಹಮಾಲ ಭುಜ ಅಡ್ಡ ಕೊಟ್ಟ.

“ವಕೀಲಸಾಹೇಬ್ರ, ಪಾಳಿ ಐತ್ರಿ. ಹಿಂದ ನಿಂದರ್ರಿ.”

“ಇದು ನಮ್ಮ ಮನಿ!”

“ಮನಿ ನಿಮ್ದ ಇರ್ಲೇಳ್ರಿ. ರೊಟ್ಟಿ ಪಾಳಿ ಮ್ಯಾಲ.”

ಫಕೀರವ್ವ ನಗು ತಡೆಯಲಾರದೆ ರೊಟ್ಟಿಯನ್ನು ಎರಡು ಪೆಟ್ಟು ಹೆಚ್ಚೇ ಬಡಿದಳು. ನಾಡಗೌಡರ ಮಗ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತರು. ಅವರ ಸರದಿ ಬಂದಾಗ ನಾನು ಎಲ್ಲರಿಗೂ ಕೇಳಿದಂತೆ ಕೇಳಿದೆ: “ಎಷ್ಟು ಕೊಡಲಿ?” ಅವರು ಪಾಟಿ ನೋಡಿ, ದರ ಕೊಟ್ಟು, ಇಪ್ಪತ್ತು ರೊಟ್ಟಿ ಒಯ್ದರು. ಕೀಲಿ ಜೇಬಿನಿಂದ ಹೊರಗೆ ಬರಲಿಲ್ಲ. ಆದರೆ ಪಾಟಿ ಎಲ್ಲಿಂದ ಬಂತೆಂಬುದು ಊರಿಗೆಲ್ಲ ಗೊತ್ತಾಗಿತ್ತು; ಮೆಟ್ಟಿಲು ಇಳಿಯುವಾಗ ಅವರು ಎಲ್ಲರಿಗೂ ಕೇಳುವಂತೆ ಅಂದರು: “ಜೋಳಿಗಿ ಹಿಡದು ಬೇಡಿ ಉಣ್ಣೂ ಅಜ್ಜ ನಮಗ ವ್ಯಾಪಾರ ಕಲಿಸಿದನಂತ!”

ಇಂದು ನಮ್ಮಲ್ಲಿ ಹತ್ತೊಂಬತ್ತು ಹೆಂಗಸರು ದುಡಿಯುತ್ತಾರೆ. ಹೊಸದಾಗಿ ಅಂಗಡಿ ಹಾಕುವ ಹೆಣ್ಣುಮಕ್ಕಳು ಸಲಹೆ ಕೇಳಿ ಬಂದರೆ ನಾನು ಅಜ್ಜನವರ ಮಾತನ್ನೇ ಹೇಳುತ್ತೇನೆ. ನನ್ನದೆಂದು ಒಂದಕ್ಷರ ಸೇರಿಸುವುದಿಲ್ಲ. ಪ್ರತಿ ಸೋಮವಾರ ಬಸರಿಹಾಳಕ್ಕೆ ಹೋಗಿ ಸೌಟು ಹಿಡಿಯುತ್ತೇನೆ. ಯಾರ ಪೈಕಿ ಎಂದು ಯಾರನ್ನೂ ಕೇಳುವುದಿಲ್ಲ.

ಪೂಜ್ಯರು ಲಿಂಗೈಕ್ಯರಾಗಿ ಆರು ವರ್ಷವಾಯಿತು. ಈಶ್ವರಗೌಡರ ಮನೆಗೆ ಇಂದಿಗೂ ನಮ್ಮ ರೊಟ್ಟಿಯೇ ಹೋಗುತ್ತದೆ. ಅಂದು ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿಲ್ಲ. ಅವರು ಬಸರಿಹಾಳಕ್ಕೆ ಹೋಗಿ, ಅಜ್ಜನವರ ಗದ್ದುಗೆಯ ಮುಂದೆ, ಜನರ ಎದುರಿಗೆ, ಕ್ಷಮೆ ಕೇಳಬೇಕು.